ಅರಿವಳಿಕೆಯಲ್ಲಿ ತಾನೇ ಉಸಿರಾಡುವ ರೋಗಿ: ಏರ್‌ವೇ ಸಾಧನ, ಸರ್ಕೀಟು ಮತ್ತು ಉಸಿರಿನ ಶ್ರಮ

ಸ್ನಾಯು ಸಡಿಲಿಸುವ ಔಷಧ ಕೊಟ್ಟು ವೆಂಟಿಲೇಟರಿಗೆ ಒಪ್ಪಿಸಿದ ರೋಗಿಯ ಉಸಿರಿನ ಹೊರೆಯನ್ನು ಯಂತ್ರ ಹೊರುತ್ತದೆ. ಆದರೆ ಗಡ್ಡೆ ತೆಗೆಯುವುದು, ಬಾವು ಕೊಯ್ಯುವುದು, ಮಗುವಿನ ಹರ್ನಿಯಾ, ಮುರಿದ ಮುಂಗೈ ಕೂಡಿಸುವುದು, ಸುಟ್ಟಗಾಯದ ಡ್ರೆಸ್ಸಿಂಗ್ ಇಂಥವುಗಳಲ್ಲಿ ರೋಗಿ ತಾನೇ ಉಸಿರಾಡುತ್ತಾ ಮಲಗಿರುತ್ತಾನೆ. ಹುಬ್ಬಳ್ಳಿ-ಧಾರವಾಡದ ದೊಡ್ಡ ಆಸ್ಪತ್ರೆಗಳಿಂದ ಹಿಡಿದು ರೋಣ, ಶಿರಹಟ್ಟಿ, ಸವಣೂರು, ಹಿರೇಕೆರೂರಿನ ಚಿಕ್ಕ ನರ್ಸಿಂಗ್ ಹೋಮುಗಳವರೆಗೆ ದಿನವೂ ನಡೆಯುವ ಕೆಲಸ ಇದು. ಆ ರೋಗಿಯ ಪ್ರತಿ ಉಸಿರೂ ಮೊದಲು ನಾವು ಉಸಿರುದಾರಿಯಲ್ಲಿ (ಏರ್‌ವೇ) ಇಟ್ಟ ಸಾಧನವನ್ನು, ಅದನ್ನು ಯಂತ್ರಕ್ಕೆ ಜೋಡಿಸುವ ಸರ್ಕೀಟಿನ ಫಿಲ್ಟರ್, ಕೊಳವೆ, ವಾಲ್ವುಗಳನ್ನು ದಾಟಬೇಕು. ದಾಟುವ ಕಷ್ಟವನ್ನು ಅವನು ಬಾಯಿಬಿಟ್ಟು ಹೇಳಲಾರ. ಹಾಗಾಗಿ ಅದನ್ನು ಓದುವುದು ನಮ್ಮ ಕೆಲಸ. ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಬೀಳುವುದು ಕೊನೆಗೆ. ಶ್ರಮ ಅದಕ್ಕೂ ಎಷ್ಟೋ ನಿಮಿಷ ಮೊದಲೇ ಎದೆ, ಕುತ್ತಿಗೆ ಮತ್ತು ಸರ್ಕೀಟಿನ ಗಾಳಿಚೀಲದಲ್ಲಿ (ಬ್ಯಾಗ್) ಕಾಣಿಸುತ್ತದೆ.

ಅನಸ್ತೇಶಿಯಾ ವಿಭಾಗದ ಕಿರಿಯ ವೈದ್ಯರು ಮತ್ತು ಓಟಿ ಟೆಕ್ನಿಶಿಯನ್‌ಗಳಿಗಾಗಿ ಇದನ್ನು ಬರೆದಿದ್ದೇವೆ. ತರಬೇತಿ ಪಡೆದವರು, ಅರಿವಳಿಕೆ ತಜ್ಞರ ಸಮ್ಮುಖದಲ್ಲಿ ಮಾಡುವ ಕೆಲಸ ಎಂಬುದನ್ನು ಮರೆಯದೆ ಓದಿ.

ಹೊರೆ ಎಲ್ಲಿಂದ ಬರುತ್ತದೆ

ಮೊದಲ ಹೊರೆ ಅರಿವಳಿಕೆಯದ್ದೇ. ಎದ್ದು ನಿಂತವನು ಅಂಗಾತ ಮಲಗಿದರೆ ಉಸಿರು ಬಿಟ್ಟ ಮೇಲೆ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಸುಮಾರು 0.8ರಿಂದ 1 ಲೀಟರ್ ಕಡಿಮೆಯಾಗುತ್ತದೆ. ಇಂಡಕ್ಷನ್ (ಔಷಧ ಕೊಟ್ಟು ಅರಿವು ತಪ್ಪಿಸುವುದು) ಆದ ಮೇಲೆ ಇನ್ನೂ 0.4ರಿಂದ 0.5 ಲೀಟರ್ ಇಳಿಯುತ್ತದೆ. ಶ್ವಾಸಕೋಶ ಕುಗ್ಗಿದಷ್ಟೂ ಒಳಗಿನ ಸಣ್ಣ ಕೊಳವೆಗಳು ಕಿರಿದಾಗುತ್ತವೆ, ಹಿಗ್ಗಿಸಲು ಹೆಚ್ಚು ಬಲ ಬೇಕಾಗುತ್ತದೆ. ಜೊತೆಗೆ ನಾಲಿಗೆಯನ್ನು ಮುಂದಕ್ಕೆ ಹಿಡಿದಿಡುವ ಸ್ನಾಯು, ಮೃದು ಅಂಗುಳು, ಎಪಿಗ್ಲಾಟಿಸ್ (ಧ್ವನಿಪೆಟ್ಟಿಗೆಯ ಮುಚ್ಚಳ) ಸಡಿಲವಾಗಿ ಹಿಂದಕ್ಕೆ ಬೀಳುತ್ತವೆ. ಪಕ್ಕೆಲುಬಿನ ನಡುವಿನ ಸ್ನಾಯುಗಳು ಸುಮ್ಮನಾಗುತ್ತವೆ. ವಪೆ (ಎದೆ-ಹೊಟ್ಟೆಗಳ ನಡುವಿನ ಉಸಿರಿನ ಸ್ನಾಯು) ಮಾತ್ರ ದುಡಿಯುತ್ತಿರುತ್ತದೆ.

ಎರಡನೆಯದು ಸಾಧನದ ಹೊರೆ. ಗಾಳಿ ಶಾಂತವಾಗಿ ಹರಿಯುವಾಗ ಕೊಳವೆಯ ಪ್ರತಿರೋಧ ತ್ರಿಜ್ಯದ ನಾಲ್ಕನೇ ಘಾತಕ್ಕೆ ವಿಲೋಮವಾಗಿರುತ್ತದೆ, ಉದ್ದಕ್ಕೆ ನೇರ ಅನುಪಾತದಲ್ಲಿರುತ್ತದೆ. ಶ್ವಾಸನಾಳದೊಳಗೆ ಇಳಿಸುವ 8.0 ಟ್ಯೂಬಿನ (ಅಂಕಿ ಒಳವ್ಯಾಸ, ಮಿ.ಮೀ.ನಲ್ಲಿ) ಬದಲು 7.0 ಹಾಕಿದರೆ ಪ್ರತಿರೋಧ ಸುಮಾರು 1.7 ಪಟ್ಟು, 6.0 ಹಾಕಿದರೆ ಮೂರು ಪಟ್ಟಿಗಿಂತ ಹೆಚ್ಚು. ಹರಿವು ಸುಳಿಗಟ್ಟಿದರೆ ಲೆಕ್ಕ ಐದನೇ ಘಾತಕ್ಕೆ ಹೋಗಿ, 6.0 ಟ್ಯೂಬಿನ ಪ್ರತಿರೋಧ 8.0ರ ನಾಲ್ಕು ಪಟ್ಟು ದಾಟುತ್ತದೆ. ಒಳಗೆ ಅಂಟಿದ ಅರ್ಧ ಮಿ.ಮೀ. ಕಫದ ಪದರವೂ ಟ್ಯೂಬಿನ ಅಳತೆಯನ್ನು ಒಂದು ಮಿ.ಮೀ. ಇಳಿಸಿದಂತೆಯೇ. ವೆಂಟಿಲೇಟರಿನಲ್ಲಿರುವ ರೋಗಿಗೆ 7.0 ಟ್ಯೂಬು ಏನೇನೂ ತೊಂದರೆ ಕೊಡುವುದಿಲ್ಲ, ಒತ್ತಡವನ್ನು ಯಂತ್ರ ಕೊಡುತ್ತದೆ. ಅದೇ ಟ್ಯೂಬಿನಲ್ಲಿ ಗಂಟೆಗಟ್ಟಲೆ ತಾನೇ ಉಸಿರಾಡಬೇಕಾದ ದೊಡ್ಡ ಆಳಿನ ಪಾಡು ಬೇರೆ.

ಸುಪ್ರಾಗ್ಲಾಟಿಕ್ ಸಾಧನಗಳ, ಅಂದರೆ ಧ್ವನಿಪೆಟ್ಟಿಗೆಯ ಮೇಲೆ ಕೂರುವ ಎಲ್‌ಎಂಎ, ಐ-ಜೆಲ್‌ನಂಥವುಗಳ ಕೊಳವೆ ಅಗಲ. ಕ್ಲಾಸಿಕ್ ಎಲ್‌ಎಂಎ 3 ಮತ್ತು 4ರ ಒಳವ್ಯಾಸ 10 ಮಿ.ಮೀ. ಹಾಗಾಗಿ ಉಸಿರಿನ ಶ್ರಮ ಟ್ಯೂಬಿಗಿಂತ ಕಡಿಮೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಟ್ಯೂಬು ಧ್ವನಿಪೆಟ್ಟಿಗೆಯನ್ನು ದಾಟಿ ಒಳಗೆ ಹೋಗಿರುತ್ತದೆ. ಎಲ್‌ಎಂಎ, ಐ-ಜೆಲ್‌ಗಳು ಅದರ ಬಾಗಿಲಲ್ಲೇ ನಿಲ್ಲುತ್ತವೆ. ಅರಿವಳಿಕೆ ಹಗುರಾಗಿ ಧ್ವನಿತಂತುಗಳು ಅರ್ಧ ಮುಚ್ಚಿದರೆ 10 ಮಿ.ಮೀ. ಕೊಳವೆಯಿಂದ ಏನೂ ಪ್ರಯೋಜನವಿಲ್ಲ. ಸಾಧನ ಸರಿಯಾಗಿ ಕೂತಿದೆ ಎಂದ ಮಾತ್ರಕ್ಕೆ ದಾರಿ ತೆರೆದಿದೆ ಎಂದಾಗುವುದಿಲ್ಲ.

ಮೂರನೆಯದು ಡೆಡ್ ಸ್ಪೇಸ್, ಅಂದರೆ ಗಾಳಿ ಹೋಗಿಬಂದರೂ ರಕ್ತದೊಡನೆ ವಿನಿಮಯವಾಗದ ಜಾಗ. ಮೂಗಿನಿಂದ ಶ್ವಾಸನಾಳಗಳವರೆಗೆ ಪ್ರತಿ ಕೆ.ಜಿ.ಗೆ ಸುಮಾರು 2 ಮಿ.ಲೀ. ಗಾಳಿ ಹೇಗೂ ವ್ಯರ್ಥ. ಅದರ ಮೇಲೆ ಫಿಲ್ಟರ್, ಕ್ಯಾಥೆಟರ್ ಮೌಂಟ್ (ಸಾಧನ-ಸರ್ಕೀಟುಗಳ ನಡುವಿನ ಬಾಗುವ ಕೊಳವೆ), ಮೊಣಕೈ ಕನೆಕ್ಟರ್ ಸೇರಿಸುತ್ತಾ ಹೋದಂತೆ ಕಾರ್ಬನ್ ಡೈಆಕ್ಸೈಡ್ ಹೊರಹಾಕಲು ರೋಗಿ ಇನ್ನಷ್ಟು ಉಸಿರೆಳೆಯಬೇಕು.

ಹಿಂದಿನ ದಿನ ಕೇಳಬೇಕಾದ್ದು, ನೋಡಬೇಕಾದ್ದು

ನಮ್ಮ ಭಾಗದಲ್ಲಿ ಎರಡು ಸಂಗತಿಗಳು ಏರ್‌ವೇ ಯೋಜನೆಯನ್ನೇ ಬದಲಿಸುತ್ತವೆ: ಗುಟ್ಕಾ ಮತ್ತು ಧೂಳು.

ಅಡಿಕೆ, ಗುಟ್ಕಾ ಜಗಿಯುವವರಲ್ಲಿ ಕೆನ್ನೆಯ ಒಳಪದರ ಬಿರುಸಾಗಿ, ಬೆಳ್ಳಗಾಗಿ, ಹುರಿಗಟ್ಟಿ ಬಾಯಿ ತೆರೆಯುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದರೆ ಇದೇ. "ಬಾಯಿ ಪೂರಾ ತೆರೀರಿ" ಎಂದು ಹೇಳಿ, ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳ ನಡುವೆ ಅಳತೆಪಟ್ಟಿ ಇಟ್ಟು ನೋಡಿ, ಅಂದಾಜು ಬೇಡ. ರೋಗಿಯ ಮೂರು ಬೆರಳು ಲಂಬವಾಗಿ ಹಿಡಿಸಿದರೆ ನಿಶ್ಚಿಂತೆ. 2.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಎಲ್‌ಎಂಎ ಅಥವಾ ಐ-ಜೆಲ್ ಒಳಹೋಗುತ್ತದೆಂದು ನಂಬಿ ಕೂರಬಾರದು. ನೋವಿನಿಂದ ಬಾಯಿ ಬಿಗಿಹಿಡಿದವನಿಗೆ ಸಡಿಲಿಕೆ ಔಷಧ ಕೊಟ್ಟರೆ ಬಾಯಿ ತೆರೆಯುತ್ತದೆ; ಫೈಬ್ರೋಸಿಸ್‌ನಲ್ಲಿ ಸಕ್ಸಾಮೆಥೋನಿಯಂ ಕೊಟ್ಟರೂ ಒಂದು ಮಿ.ಮೀ. ಹೆಚ್ಚಾಗುವುದಿಲ್ಲ, ಏಕೆಂದರೆ ಅಲ್ಲಿ ಬಿಗಿದಿರುವುದು ಸ್ನಾಯುವಲ್ಲ, ಗಾಯದ ನಾರು. ಇಂಥವರಿಗೆ ಎಚ್ಚರವಿರುವಾಗಲೇ ಫೈಬರ್‌ಸ್ಕೋಪಿನಲ್ಲಿ (ಒಳಗೆ ನೋಡಲು ಬಳಸುವ ಬಾಗುವ ಸಣ್ಣ ದರ್ಶಕ) ನೋಡಿಕೊಂಡು ಮೂಗಿನ ಮೂಲಕ ಟ್ಯೂಬು ಹಾಕುವುದೇ ದಾರಿ. ಮೂಗಿಗೆ ಕ್ಸೈಲೋಮೆಟಾಜೋಲಿನ್ ಹನಿ, ಗಂಟಲಿಗೆ ಮರಗಟ್ಟಿಸುವ ಲಿಗ್ನೊಕೇನ್ ಕೊಡಬೇಕು. ನೆಬುಲೈಸರ್, ಜೆಲ್ಲಿ, ಸ್ಪ್ರೇ ಎಲ್ಲ ಕೂಡಿ ಲಿಗ್ನೊಕೇನ್ ಪ್ರಮಾಣ ಕೊಬ್ಬು ಬಿಟ್ಟ ತೂಕದ ಪ್ರತಿ ಕೆ.ಜಿ.ಗೆ 9 ಮಿ.ಗ್ರಾಂ. ಮೀರಬಾರದು. ಫೈಬರ್‌ಸ್ಕೋಪ್ ಇಲ್ಲದ ಆಸ್ಪತ್ರೆಯಲ್ಲಿ, ತುರ್ತಿಲ್ಲದ ಕೇಸಿಗೆ ಕೈ ಹಾಕುವುದಕ್ಕಿಂತ ಹುಬ್ಬಳ್ಳಿಯ ಕೆಎಂಸಿಆರ್‌ಐಗೋ (ಹಿಂದಿನ ಕಿಮ್ಸ್ ಆಸ್ಪತ್ರೆ), ಧಾರವಾಡದ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಗೋ ಕಳಿಸುವುದು ಸರಿ. ಸ್ಪೈನಲ್ (ಬೆನ್ನಿಗೆ ಚುಚ್ಚಿ ಕೊಡುವ ಅರಿವಳಿಕೆ) ಕೊಟ್ಟು ಮಾಡಬಹುದಾದ ಆಪರೇಶನ್ ಆಗಿದ್ದರೂ ಬಾಯಿಯ ಅಳತೆ ಕೇಸ್‌ಶೀಟಿನಲ್ಲಿರಲಿ: ಸ್ಪೈನಲ್ ಮೇಲೇರಿದರೆ, ಇಲ್ಲವೇ ಹತ್ತದಿದ್ದರೆ ಏನು ಎಂಬ ಪ್ರಶ್ನೆ ಬಂದೇ ಬರುತ್ತದೆ.

ಧೂಳಿನದು ಇನ್ನೊಂದು ಕಥೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ, ಆರಿಸುವ ಹೆಣ್ಣುಮಕ್ಕಳು, ಹತ್ತಿ ಜಿನ್ನಿಂಗ್ ಮಿಲ್ಲಿನ ಕೆಲಸಗಾರರು, ಕಟ್ಟಿಗೆ ಒಲೆಯ ಹೊಗೆಯಲ್ಲಿ ವರ್ಷಾನುಗಟ್ಟಲೆ ಅಡುಗೆ ಮಾಡಿದವರು, ಇವರೆಲ್ಲರ ಶ್ವಾಸನಾಳ ಸಣ್ಣ ಕೆಣಕಿಗೂ ಬಿಗಿಯಬಹುದು. ಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಶ್ವಾಸಮಾರ್ಗದ ಸಂವೇದನಾ ನರಗಳನ್ನು ನೇರವಾಗಿ ಕೆರಳಿಸಿ ಕೆಮ್ಮು ತರುತ್ತದೆ. "ಅಸ್ತಮಾ ಇದೆಯಾ?" ಎಂದು ಕೇಳಿದರೆ ಬಹಳ ಮಂದಿ ಇಲ್ಲವೆನ್ನುತ್ತಾರೆ. "ಕಸಾ ಹೊಡಿವಾಗ ದಮ್ಮು ಹತ್ತತೈತೇನ್ರಿ? ರಾತ್ರಿ ಎದ್ದು ಕೂಡ್ತೀರೇನು?" ಎಂದು ಕೇಳಿ. ಹೌದೆಂದರೆ ಎದೆಯನ್ನು ಹಿಂದಿನಿಂದ, ಜೋರಾಗಿ ಉಸಿರು ಬಿಡಿಸಿ ಕೇಳಿ. ಇಂಡಕ್ಷನ್‌ಗೆ 20–30 ನಿಮಿಷ ಮೊದಲು ಸಾಲ್ಬುಟಮಾಲ್ 2.5ರಿಂದ 5 ಮಿ.ಗ್ರಾಂ. ನೆಬುಲೈಸ್ ಮಾಡಿ. ಸಾಧ್ಯವಿದ್ದಲ್ಲಿ ಟ್ಯೂಬಿಗಿಂತ ಸುಪ್ರಾಗ್ಲಾಟಿಕ್ ಸಾಧನ ಆರಿಸಿ. ಶ್ವಾಸನಾಳದ ಒಳಗೆ ಏನೂ ತಾಗದಿದ್ದರೆ ಬಿಗಿತ ಕಡಿಮೆ.

ಉಳಿದದ್ದು ಎಲ್ಲ ಕಡೆಯಂತೆ: ಗೊರಕೆ, ದಪ್ಪ ಕುತ್ತಿಗೆ, ಹಗಲು ತೂಕಡಿಕೆ, ಅಲುಗಾಡುವ ಹಲ್ಲು, ಊಟ ಬಿಟ್ಟು 6 ಗಂಟೆ, ನೀರು ಬಿಟ್ಟು 2 ಗಂಟೆ. ಹೊಟ್ಟೆ ತುಂಬಿದವರು, ಕರುಳು ಕಟ್ಟಿಕೊಂಡವರು, ತುಂಬು ಗರ್ಭಿಣಿಯರು, ತೀವ್ರ ಬೊಜ್ಜಿನವರು, ಹೊಟ್ಟೆ ಅಥವಾ ಎದೆ ತೆರೆಯುವ ಆಪರೇಶನ್ನಿನವರು ತಾನೇ ಉಸಿರಾಡುವ ಅರಿವಳಿಕೆಗೆ ತಕ್ಕವರಲ್ಲ. ಅವರಿಗೆ ಟ್ಯೂಬು, ವೆಂಟಿಲೇಟರ್.

ಯಂತ್ರ ಮತ್ತು ಸರ್ಕೀಟು

ಹೆಚ್ಚಿನ ಚಿಕ್ಕ ಆಸ್ಪತ್ರೆಗಳಲ್ಲಿ ಇಂದಿಗೂ ಬಾಯ್ಲ್ಸ್ ಅರಿವಳಿಕೆ ಯಂತ್ರ ಮತ್ತು ಬೇನ್ ಸರ್ಕೀಟೇ ಇರುವುದರಿಂದ ಅದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಬೇನ್ ಎಂದರೆ ಕೊಳವೆಯೊಳಗೆ ಕೊಳವೆ: ಒಳಗಿನ ಸಣ್ಣದರಲ್ಲಿ ತಾಜಾ ಗ್ಯಾಸ್ ರೋಗಿಯತ್ತ ಹೋಗುತ್ತದೆ, ಹೊರಗಿನ ಅಗಲವಾದದರಲ್ಲಿ ಬಿಟ್ಟ ಉಸಿರು ಹಿಂದಿರುಗುತ್ತದೆ. ರೋಗಿ ತಾನೇ ಉಸಿರಾಡುವಾಗ ಇದಕ್ಕೆ ಬಹಳ ಗ್ಯಾಸ್ ಬೇಕು: ನಿಮಿಷಕ್ಕೆ ಪ್ರತಿ ಕೆ.ಜಿ.ಗೆ 150ರಿಂದ 200 ಮಿ.ಲೀ. 60 ಕೆ.ಜಿ. ರೋಗಿಗೆ 9ರಿಂದ 12 ಲೀಟರ್. ನಾವು ಬ್ಯಾಗ್ ಒತ್ತಿ ಉಸಿರು ಕೊಡುವಾಗ ಸಾಕಾಗುವ 70 ಮಿ.ಲೀ. ಲೆಕ್ಕವನ್ನೇ ತಾನೇ ಉಸಿರಾಡುವವನಿಗೂ ಇಟ್ಟರೆ, ಅವನು ಬಿಟ್ಟ ಕಾರ್ಬನ್ ಡೈಆಕ್ಸೈಡನ್ನೇ ಮತ್ತೆ ಎಳೆದುಕೊಳ್ಳುತ್ತಾನೆ. ಗ್ಯಾಸ್ ಉಳಿಸುವ ಒಳ್ಳೆಯ ಮನಸ್ಸಿನಿಂದ ಆಗುವ ತಪ್ಪು ಇದು, ದಂಡ ಕಟ್ಟುವವನು ರೋಗಿ.

ಬೇನ್‌ನಲ್ಲಿ ಒಳಕೊಳವೆ ಯಂತ್ರದ ತುದಿಯಲ್ಲಿ ಕಳಚಿಕೊಂಡರೆ ಇಡೀ ಹೊರಕೊಳವೆಯೇ ಡೆಡ್ ಸ್ಪೇಸ್ ಆಗುತ್ತದೆ. ಹೊರಗಿನಿಂದ ಇದು ಕಾಣದು. ಪ್ರತಿದಿನ ಮೊದಲ ಕೇಸಿಗೆ ಮುನ್ನ ಹೀಗೆ ಪರೀಕ್ಷಿಸಿ: ಆಕ್ಸಿಜನ್ ಕಡಿಮೆ ಹರಿವಿನಲ್ಲಿ ಬಿಟ್ಟು, 2 ಮಿ.ಲೀ. ಸಿರಿಂಜಿನ ಪಿಸ್ಟನ್‌ನಿಂದ ರೋಗಿಯ ಬದಿಯ ಒಳಕೊಳವೆಯ ಬಾಯಿ ಮುಚ್ಚಿ. ಫ್ಲೋಮೀಟರಿನ ಬಾಬಿನ್ (ಹರಿವಿನ ಮಟ್ಟ ತೋರಿಸುವ ತೇಲುಬಿಲ್ಲೆ) ಕೆಳಗಿಳಿದರೆ ಒಳಕೊಳವೆ ಗಟ್ಟಿಯಾಗಿದೆ. ಇಳಿಯದಿದ್ದರೆ ಗ್ಯಾಸ್ ಬೇರೆಲ್ಲೋ ಸೋರುತ್ತಿದೆ, ಆ ಸರ್ಕೀಟನ್ನು ಅಂದೇ ಎಸೆಯಿರಿ. ಪಿಸ್ಟನ್ ತೆಗೆಯುವುದನ್ನು ಮರೆಯಬೇಡಿ.

ಎಪಿಎಲ್ ವಾಲ್ವು (ಹೆಚ್ಚಾದ ಗ್ಯಾಸ್ ಹೊರಬಿಡುವ ವಾಲ್ವು) ಪೂರ್ತಿ ತೆರೆದಿರಲಿ. ಇಂಡಕ್ಷನ್ನಿನಲ್ಲಿ ಬ್ಯಾಗ್ ಒತ್ತಲು ಅರ್ಧ ಮುಚ್ಚಿದ್ದು ಹಾಗೇ ಉಳಿದರೆ, ಪ್ರತಿ ಉಸಿರನ್ನೂ ರೋಗಿ ಒತ್ತಡದ ವಿರುದ್ಧ ಬಿಡಬೇಕಾಗುತ್ತದೆ. ಬ್ಯಾಗು ಚೆಂಡಿನಂತೆ ಉಬ್ಬಿ ನಿಂತಿದ್ದರೆ ಕಣ್ಣು ಮೊದಲು ಈ ವಾಲ್ವಿನ ಕಡೆ ಹೋಗಲಿ. ಸರ್ಕಲ್ ಸಿಸ್ಟಂ (ಬಿಟ್ಟ ಉಸಿರಿನ ಕಾರ್ಬನ್ ಡೈಆಕ್ಸೈಡ್ ತೆಗೆದು ಮತ್ತೆ ಕೊಡುವ ಸರ್ಕೀಟು) ಇದ್ದವರು ಎರಡೂ ಏಕಮುಖ ವಾಲ್ವುಗಳ ಬಿಲ್ಲೆ ಪ್ರತಿ ಉಸಿರಿಗೆ ಏಳುತ್ತಿದೆಯೇ ನೋಡಿ. ತೇವಕ್ಕೆ ಅಂಟಿ ಮುಚ್ಚಿಕೊಂಡ ಬಿಲ್ಲೆ ಹರಿವನ್ನು ತಡೆಯುತ್ತದೆ. ತೆರೆದೇ ನಿಂತದ್ದು ಬಿಟ್ಟ ಉಸಿರನ್ನು ವಾಪಸ್ ಕಳಿಸುತ್ತದೆ. ಕಾರ್ಬನ್ ಡೈಆಕ್ಸೈಡ್ ಹೀರುವ ಸೋಡಾಲೈಮ್ ಬಣ್ಣ ತಿರುಗಿದ್ದರೆ ಬದಲಿಸಿ. ಬಳಸಿದ ಫಿಲ್ಟರನ್ನು ಮುಂದಿನ ರೋಗಿಗೆ ಹಾಕಲೇಬೇಡಿ. ಸೋಂಕಿನ ಮಾತು ಒತ್ತಟ್ಟಿಗಿರಲಿ, ತೊಯ್ದ ಫಿಲ್ಟರಿನ ಪ್ರತಿರೋಧವೇ ಏರಿರುತ್ತದೆ.

ಇಂಡಕ್ಷನ್ ಮತ್ತು ಐ-ಜೆಲ್

1. ತಲೆಕೆಳಗೆ ದಿಂಬಿಟ್ಟು ಕುತ್ತಿಗೆ ಮುಂದಕ್ಕೆ, ತಲೆ ತುಸು ಹಿಂದಕ್ಕೆ ಮಾಡಿ. ದಪ್ಪಗಿರುವವರಿಗೆ ಕಿವಿಯ ತೂತು ಮತ್ತು ಎದೆಯ ಮೇಲ್ತುದಿ ಒಂದೇ ಮಟ್ಟಕ್ಕೆ ಬರುವಷ್ಟು ಭುಜದ ಕೆಳಗೂ ಏರಿಸಿ.

2. ಬಿಗಿಯಾದ ಮಾಸ್ಕಿನಲ್ಲಿ 100% ಆಕ್ಸಿಜನ್, 3 ನಿಮಿಷ. ಬ್ಯಾಗ್ ಅಲುಗುತ್ತಿದ್ದರೆ ಮಾತ್ರ ಮಾಸ್ಕ್ ಬಿಗಿಯಾಗಿದೆ ಎಂದರ್ಥ.

3. ಫೆಂಟನಿಲ್ ಪ್ರತಿ ಕೆ.ಜಿ.ಗೆ 1 ಮೈಕ್ರೊಗ್ರಾಂ, ನಂತರ ಪ್ರೊಪೊಫಾಲ್ ಪ್ರತಿ ಕೆ.ಜಿ.ಗೆ 2ರಿಂದ 2.5 ಮಿ.ಗ್ರಾಂ. ವಯಸ್ಸಾದವರಿಗೆ, ರಕ್ತ ಕಳೆದುಕೊಂಡವರಿಗೆ ಇದಕ್ಕಿಂತ ಬಹಳ ಕಡಿಮೆ, ನಿಧಾನವಾಗಿ. ಉಸಿರು ಕೆಲಕಾಲ ನಿಲ್ಲುತ್ತದೆ. ಮೃದುವಾಗಿ ಬ್ಯಾಗ್ ಒತ್ತಿ ನಡೆಸಿ. ನಾಲಿಗೆ ಅಡ್ಡ ಬಂದರೆ ಗ್ಯೂಡೆಲ್ ಏರ್‌ವೇ (ನಾಲಿಗೆಯನ್ನು ತಡೆಹಿಡಿಯುವ ಬಾಗಿದ ಕೊಳವೆ) ಹಾಕಿ. ಬಾಚಿಹಲ್ಲಿನಿಂದ ದವಡೆಯ ಕೋನದವರೆಗೆ ಹಿಡಿದು ಅಳೆಯಿರಿ. ಹೆಂಗಸರಿಗೆ ಸಾಮಾನ್ಯವಾಗಿ 80 ಮಿ.ಮೀ., ಗಂಡಸರಿಗೆ 90, ದೊಡ್ಡ ಆಳಿಗೆ 100. ಚಿಕ್ಕದಾದರೆ ನಾಲಿಗೆಯನ್ನೇ ಹಿಂದಕ್ಕೆ ತಳ್ಳುತ್ತದೆ, ದೊಡ್ಡದಾದರೆ ಎಪಿಗ್ಲಾಟಿಸ್ ಮಡಚುತ್ತದೆ.

4. ದವಡೆಯನ್ನು ಎರಡೂ ಕೈಯಿಂದ ಮುಂದಕ್ಕೆ ಎತ್ತಿ. ರೋಗಿ ಮಿಸುಕಿದರೆ ಆಳ ಸಾಲದು. ಪ್ರೊಪೊಫಾಲ್ ಇನ್ನೂ 20–30 ಮಿ.ಗ್ರಾಂ. ಕೊಟ್ಟು ಕಾಯಿರಿ. ಅವಸರದಲ್ಲಿ ತುರುಕಿದ ಸಾಧನದಿಂದಲೇ ಲ್ಯಾರಿಂಗೋಸ್ಪಾಸಂ (ಧ್ವನಿತಂತುಗಳು ಬಿಗಿದು ಮುಚ್ಚಿಕೊಳ್ಳುವುದು) ಶುರುವಾಗುವುದು.

5. ಐ-ಜೆಲ್‌ನ ಅಳತೆ ತೂಕದ ಮೇಲೆ: 30–60 ಕೆ.ಜಿ.ಗೆ 3, 50–90ಕ್ಕೆ 4, ಅದಕ್ಕೂ ಮೇಲೆ 5. ನಡುವಿನ ತೂಕದವರಲ್ಲಿ ಬಾಯಿಯ ಗಾತ್ರ ನೋಡಿ ಆರಿಸಿ. ಬೆನ್ನು, ಪಕ್ಕ, ಮುಂಭಾಗಕ್ಕೆ ನೀರಿನಂಶದ ಜೆಲ್ಲಿ ತೆಳುವಾಗಿ ಹಚ್ಚಿ. ರಂಧ್ರದೊಳಗೆ ಜೆಲ್ಲಿ ಗಂಟು ಉಳಿಯಬಾರದು.

6. ಕೊಳವೆಯನ್ನು ಬೈಟ್ ಬ್ಲಾಕಿನ ಜಾಗದಲ್ಲಿ ಹಿಡಿದು, ಗಲ್ಲ ಕೆಳಗೆಳೆದು, ಮೇಲಂಗುಳಿಗೆ ಒತ್ತಿಕೊಂಡೇ ಒಂದೇ ಎಳೆಯಲ್ಲಿ ಗಟ್ಟಿ ತಡೆ ಸಿಗುವವರೆಗೆ ಜಾರಿಸಿ. ಬಾಚಿಹಲ್ಲು ಬೈಟ್ ಬ್ಲಾಕಿನ ಗೆರೆಯ ಮೇಲೆ ಬರಬೇಕು. ಕೆನ್ನೆಯಿಂದ ಕೆನ್ನೆಗೆ ಟೇಪ್ ಹಾಕಿ.

7. ಕೂತಿದೆಯೇ ಎಂದು ನೋಡಲು ಬ್ಯಾಗ್ ಒತ್ತಿ: ಎರಡೂ ಕಡೆ ಎದೆ ಏರಬೇಕು, ಕ್ಯಾಪ್ನೋಗ್ರಾಫಿನಲ್ಲಿ (ಉಸಿರಿನ ಕಾರ್ಬನ್ ಡೈಆಕ್ಸೈಡನ್ನು ಗೆರೆಯಾಗಿ ತೋರಿಸುವ ಉಪಕರಣ) ಚೌಕದಂಥ ಅಲೆ ಬರಬೇಕು. ನಂತರ ಗ್ಯಾಸ್ 3 ಲೀಟರಿಗೆ ಇಳಿಸಿ, ವಾಲ್ವು ಮುಚ್ಚಿ, ಯಾವ ಒತ್ತಡದಲ್ಲಿ ಬಾಯಿಂದ ಸೋರುವ ಸದ್ದು ಕೇಳುತ್ತದೆ ನೋಡಿ. 30 ಸೆಂ.ಮೀ. ನೀರಿನ ಒತ್ತಡ ದಾಟಿಸಬೇಡಿ. ಐ-ಜೆಲ್‌ನಲ್ಲಿ 25ರ ಆಸುಪಾಸು, ಕ್ಲಾಸಿಕ್ ಎಲ್‌ಎಂಎನಲ್ಲಿ 20ರ ಆಸುಪಾಸು ಸೋರಿದರೆ ಸರಿ. ವಾಲ್ವು ತಕ್ಷಣ ತೆರೆಯಿರಿ. ಹೊಟ್ಟೆಯ ಗಾಳಿ ತೆಗೆಯಬೇಕಿದ್ದರೆ 3 ಮತ್ತು 4ರ ಪಕ್ಕದ ದಾರಿಯಲ್ಲಿ 12 ಫ್ರೆಂಚ್, 5ರಲ್ಲಿ 14 ಫ್ರೆಂಚ್ ಟ್ಯೂಬು ಹೋಗುತ್ತದೆ.

ಕಫ್ (ಗಾಳಿ ತುಂಬಿ ಉಬ್ಬಿಸುವ ಅಂಚು) ಇರುವ ಎಲ್‌ಎಂಎ ಆದರೆ 3ಕ್ಕೆ 20, 4ಕ್ಕೆ 30, 5ಕ್ಕೆ 40 ಮಿ.ಲೀ. ಎನ್ನುವುದು ಗರಿಷ್ಠ ಮಿತಿ, ಗುರಿಯಲ್ಲ. ಅರ್ಧದಷ್ಟು ತುಂಬಿ ಸೋರಿಕೆ ನೋಡಿ. ಕಫ್ ಒತ್ತಡ 60 ಸೆಂ.ಮೀ. ನೀರು ದಾಟಬಾರದು. ಸೋರುತ್ತಿದೆ ಎಂದು ಇನ್ನಷ್ಟು ಗಾಳಿ ತುಂಬಿದರೆ ಕಫ್ ಗಟ್ಟಿಯಾಗಿ ಅಂಚಿನಿಂದ ಮೇಲೆದ್ದು ಸೋರಿಕೆ ಹೆಚ್ಚಾಗುತ್ತದೆ, ನಾಲಿಗೆಯ ನರಗಳಿಗೂ ಪೆಟ್ಟು.

ಟ್ಯೂಬಿನಲ್ಲೇ ತಾನೇ ಉಸಿರಾಡಬೇಕಾದರೆ

ಹೆಂಗಸರಿಗೆ 7.0, ಗಂಡಸರಿಗೆ 7.5ರಿಂದ 8.0. ಹಲ್ಲಿನ ಬಳಿ ಗುರುತು ಹೆಂಗಸರಿಗೆ 21, ಗಂಡಸರಿಗೆ 23 ಸೆಂ.ಮೀ. ಕಫ್ ಒತ್ತಡ 20–30 ಸೆಂ.ಮೀ. ನೀರು. ನೈಟ್ರಸ್ ಆಕ್ಸೈಡ್ ಬಳಸಿದರೆ ಅದು ಕಫ್ಫಿನೊಳಗೆ ನುಸುಳಿ ಒತ್ತಡ ಏರಿಸುತ್ತದೆ, ನಡುನಡುವೆ ಅಳೆಯಿರಿ. ತಲೆ ಬಗ್ಗಿಸಿದರೆ ಟ್ಯೂಬಿನ ತುದಿ ಕೆಳಗೆ ಇಳಿಯುತ್ತದೆ, ಹಿಂದಕ್ಕೆ ಚಾಚಿದರೆ ಮೇಲೆ ಬರುತ್ತದೆ. ಸರ್ಜನ್ ತಲೆ ಸರಿಸಿದ ಪ್ರತಿ ಸಲ ಎರಡೂ ಎದೆ ಕೇಳಿ. ಬಾಯಿಯ ಶಾಖಕ್ಕೆ ಪಿವಿಸಿ ಟ್ಯೂಬು ಮೆತ್ತಗಾಗಿ ಹಲ್ಲಿನ ಹಿಂದೆಯೇ ಮಡಚಿಕೊಳ್ಳಬಹುದು. ಸರ್ಕೀಟಿನ ಭಾರ ಟ್ಯೂಬಿನ ಮೇಲೆ ಬೀಳದಂತೆ ಆಧಾರ ಕೊಡಿ.

ಶ್ರಮವನ್ನು ಓದುವುದು

ಅರಿವಳಿಕೆಯಲ್ಲಿ ಸಹಜ ಉಸಿರು ಹೀಗಿರುತ್ತದೆ: ಹೊಟ್ಟೆ ಮೊದಲು ಏರುತ್ತದೆ, ಎದೆ ಅದರ ಬೆನ್ನಿಗೇ ತುಸು ಏರುತ್ತದೆ, ಕುತ್ತಿಗೆ ಸುಮ್ಮನಿರುತ್ತದೆ, ಸದ್ದಿಲ್ಲ. ಸೆವೊಫ್ಲುರೇನ್, ಐಸೊಫ್ಲುರೇನ್‌ನಂಥ ಉಸಿರಿನಲ್ಲಿ ಕೊಡುವ ಆವಿಗಳಲ್ಲಿ (ವೇಪರ್) ಉಸಿರು ಚಿಕ್ಕದಾಗಿ ವೇಗವಾಗುತ್ತದೆ. ನಿಮಿಷಕ್ಕೆ 20–30 ಇದ್ದು ಲಯ ಸರಿಯಿದ್ದರೆ ಗಾಬರಿ ಬೇಡ. ಉಸಿರಿನ ಕೊನೆಯ ಕಾರ್ಬನ್ ಡೈಆಕ್ಸೈಡ್ 45–55 ಮಿ.ಮೀ. ಪಾದರಸದವರೆಗೆ ಹೋಗುವುದು ಆರೋಗ್ಯವಂತರಲ್ಲಿ ಸಾಮಾನ್ಯ. ತಲೆಗೆ ಪೆಟ್ಟಾದವರಲ್ಲಿ, ಶ್ವಾಸಕೋಶದ ರಕ್ತದೊತ್ತಡ ಇರುವವರಲ್ಲಿ ಅದಕ್ಕೂ ಅವಕಾಶವಿಲ್ಲ.

ಏನೋ ಸರಿಯಿಲ್ಲ ಅನ್ನಿಸಿದಾಗ ಡ್ರೇಪ್ ಸರಿಸಿ ಎದೆ ನೋಡಿ, ಒಂದು ಕೈ ಬ್ಯಾಗಿನ ಮೇಲಿಡಿ. ಇವೆರಡನ್ನೂ ಒಟ್ಟಿಗೆ ಓದಿದರೆ ಮೂರು ಚಿತ್ರಗಳು ಬೇರೆಬೇರೆಯಾಗಿ ಕಾಣುತ್ತವೆ. ಈ ಇಡೀ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಈ ಭಾಗವನ್ನು ಇಟ್ಟುಕೊಳ್ಳಿ.

ಎದೆ ಜೋರಾಗಿ ದುಡಿಯುತ್ತಿದೆ, ಬ್ಯಾಗು ಅಲುಗುತ್ತಿಲ್ಲ: ದಾರಿ ಕಟ್ಟಿದೆ. ಉಸಿರೆಳೆದಾಗ ಎದೆಗೂಡಿನ ಮೇಲಿನ ಕುಳಿ ಒಳಸೇದುತ್ತದೆ, ಗಂಟಲಗಡ್ಡೆ ಕೆಳಕ್ಕೆ ಜಗ್ಗುತ್ತದೆ, ಹೊಟ್ಟೆ ಏರಿದಾಗ ಎದೆ ಇಳಿಯುತ್ತದೆ. ಗೊರಕೆಯ ಸದ್ದು ಬಂದರೆ ನಾಲಿಗೆ ಅಥವಾ ಅಂಗುಳು, ಉಸಿರೆಳೆಯುವಾಗ ಕೋಳಿ ಕೂಗಿದಂಥ ಸೀಳುದನಿ ಬಂದರೆ ಧ್ವನಿತಂತು. ಯಾವ ಸದ್ದೂ ಇಲ್ಲ, ಎದೆ ಮಾತ್ರ ಹೊಯ್ದಾಡುತ್ತಿದೆ ಎಂದರೆ ಪೂರ್ತಿ ಮುಚ್ಚಿದೆ. ಕ್ಯಾಪ್ನೋಗ್ರಾಫಿನ ಗೆರೆ ಮಲಗಿರುತ್ತದೆ. ಹೊಟ್ಟೆಯ ಏರಿಳಿತವನ್ನು ಕಂಡು "ಉಸಿರಾಡ್ತಿದ್ದಾನೆ" ಎಂದುಕೊಳ್ಳುವುದು ಇಲ್ಲಿ ಪ್ರಾಣಕ್ಕೆ ಸಂಚಕಾರ.

ಎದೆಯೂ ದುಡಿಯುತ್ತಿದೆ, ಬ್ಯಾಗೂ ಜೋರಾಗಿ ಅಲುಗುತ್ತಿದೆ, ಕುಳಿ ಸೇದುತ್ತಿಲ್ಲ: ಕಾರ್ಬನ್ ಡೈಆಕ್ಸೈಡ್ ಹೊರೆ ಅಥವಾ ಹಗುರ ಅರಿವಳಿಕೆ. ಕ್ಯಾಪ್ನೋಗ್ರಾಫಿನ ತಳದ ಗೆರೆ ಸೊನ್ನೆಯಿಂದ ಮೇಲಿದ್ದರೆ ಬಿಟ್ಟ ಉಸಿರೇ ವಾಪಸ್ ಬರುತ್ತಿದೆ. ಬೇನ್‌ನಲ್ಲಿ ಗ್ಯಾಸ್ ಹೆಚ್ಚಿಸಿ, ಒಳಕೊಳವೆ ನೋಡಿ; ಸರ್ಕಲ್‌ನಲ್ಲಿ ಸೋಡಾಲೈಮ್, ವಾಲ್ವು ನೋಡಿ. ತಳದ ಗೆರೆ ಸೊನ್ನೆಯಲ್ಲಿದ್ದು ನಾಡಿ, ಬಿಪಿ ಏರಿ ಕಣ್ಣೀರು ಬಂದಿದ್ದರೆ ನೋವು, ಆಳ ಸಾಲದು. ಆಳ ಹೆಚ್ಚಿಸಿ, ಗ್ಯಾಸ್ ಹೆಚ್ಚಿಸಿದರೂ ಕಾರ್ಬನ್ ಡೈಆಕ್ಸೈಡ್ ಏರುತ್ತಲೇ ಹೋಗಿ, ಸ್ನಾಯು ಬಿಗಿದು, ಮೈ ಬಿಸಿಯಾಗುತ್ತಿದ್ದರೆ ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ (ಅರಿವಳಿಕೆ ಔಷಧಕ್ಕೆ ಕೆಲವರ ಮೈ ತೋರುವ ಪ್ರಾಣಾಪಾಯದ ಅಪರೂಪ ಪ್ರತಿಕ್ರಿಯೆ) ನೆನಪಿಗೆ ಬರಲಿ.

ಎದೆಯೂ ಮೆಲ್ಲಗೆ, ಬ್ಯಾಗೂ ಮೆಲ್ಲಗೆ: ಔಷಧ ಹೆಚ್ಚಾಗಿದೆ. ನಿಮಿಷಕ್ಕೆ 6–8 ಉಸಿರು, ಪ್ರತಿಯೊಂದೂ ದೊಡ್ಡದು ಎಂದರೆ ಫೆಂಟನಿಲ್‌ನಂಥ ಔಷಧ. ವೇಗವಿದ್ದು ಬಹಳ ಚಿಕ್ಕದು ಎಂದರೆ ವೇಪರ್. ಕೈಯಿಂದ ಬ್ಯಾಗ್ ಒತ್ತಿ ನೆರವಾಗಿ, ಔಷಧ ಇಳಿಯುವವರೆಗೆ ಕಾಯಿರಿ.

ಮೊದಲ ಚಿತ್ರಕ್ಕೂ ಎರಡನೆಯದಕ್ಕೂ ಉಪಾಯ ಒಂದೇ ಎಂದುಕೊಂಡು ಡಯಲ್ ತಿರುಗಿಸಿ ವೇಪರ್ ಹೆಚ್ಚಿಸುವವರಿದ್ದಾರೆ. ದಾರಿ ಕಟ್ಟಿದವನಿಗೆ ವೇಪರ್ ಒಳಗೇ ಹೋಗುವುದಿಲ್ಲ. ಧ್ವನಿತಂತು ಮುಚ್ಚಿಕೊಂಡವನ ಆಳ ಹೆಚ್ಚಿಸಬೇಕಾದರೆ ಅದು ರಕ್ತನಾಳದಿಂದ, ಅಂದರೆ ಪ್ರೊಪೊಫಾಲ್‌ನಿಂದ ಮಾತ್ರ.

ಕ್ಯಾಪ್ನೋಗ್ರಾಫಿನ ಆಕಾರಕ್ಕೂ ಒಂದು ಮಿತಿ ಇದೆ. ಏರುಗೆರೆ ಓರೆಯಾಗಿ ಅಲೆ ಚೂಪಾಗಿದ್ದರೆ ಉಸಿರು ಬಿಡಲು ಅಡ್ಡಿ: ಶ್ವಾಸನಾಳದ ಬಿಗಿತ, ಮಡಚಿದ ಟ್ಯೂಬು, ಕಫ. ಆದರೆ ಉಸಿರೆಳೆಯುವಾಗಿನ ಅಡ್ಡಿ ಆ ಆಕಾರದಲ್ಲಿ ಮೂಡುವುದಿಲ್ಲ. ಅಲೆ ಚೌಕವಾಗಿಯೇ ಇದ್ದು ಕುತ್ತಿಗೆಯ ಕುಳಿ ಸೇದುತ್ತಿರಬಹುದು.

ದಾರಿ ಕಟ್ಟಿದಾಗ ಕ್ರಮವಾಗಿ

100% ಆಕ್ಸಿಜನ್ ಕೊಟ್ಟು, ಸರ್ಜನ್‌ಗೆ ಕೈ ನಿಲ್ಲಿಸಲು ಹೇಳಿ, ಸಹಾಯಕ್ಕೆ ಕರೆಯಿರಿ. ದವಡೆ ಎತ್ತಿ. ಎಷ್ಟೋ ಕೇಸು ಇಷ್ಟಕ್ಕೇ ಸರಿಹೋಗುತ್ತವೆ, ಏಕೆಂದರೆ ಐ-ಜೆಲ್‌ನ ತುದಿಗೆ ಮಡಚಿಕೊಂಡ ಎಪಿಗ್ಲಾಟಿಸ್ ಬಿಚ್ಚಿಕೊಳ್ಳುತ್ತದೆ. ಬಿಚ್ಚದಿದ್ದರೆ, ಮತ್ತು ಆಳ ಸಾಕಷ್ಟಿದ್ದರೆ, ಸಾಧನವನ್ನು 5–6 ಸೆಂ.ಮೀ. ಹಿಂದಕ್ಕೆಳೆದು ದವಡೆ ಎತ್ತಿ ಹಿಡಿದೇ ಮತ್ತೆ ಒಳತಳ್ಳಿ. ಟ್ಯೂಬಾದರೆ ಸಕ್ಷನ್ ಕ್ಯಾಥೆಟರ್ ಇಳಿಸಿ ನೋಡಿ. ಇಳಿಯದಿದ್ದರೆ ಮಡಚಿದೆ, ಕಚ್ಚಿಕೊಂಡಿದ್ದಾನೆ, ಇಲ್ಲವೇ ಕಫ, ರಕ್ತ ಹೆಪ್ಪುಗಟ್ಟಿದೆ. ಕಫ್ ಉಬ್ಬಿ ತುದಿಯನ್ನು ಮುಚ್ಚಿರಲೂಬಹುದು, ಗಾಳಿ ತೆಗೆದು ನೋಡಿ. ಇಷ್ಟರಲ್ಲಿ ಸಹಾಯಕರು ಫಿಲ್ಟರ್ ಮತ್ತು ಸರ್ಕೀಟು ಕಳಚಿ ಆಂಬು ಬ್ಯಾಗ್ (ಯಂತ್ರವಿಲ್ಲದೆ ಕೈಯಿಂದ ಒತ್ತುವ ಗಾಳಿಚೀಲ) ಹಾಕಲಿ. ಆಂಬುವಿನಲ್ಲಿ ಸುಲಭವಾದರೆ ದೋಷ ಯಂತ್ರದ ಕಡೆ. ಅಲ್ಲೂ ಬಿಗಿಯಿದ್ದರೆ ಸಾಧನ ಅಥವಾ ಎದೆಯದು. ಸಂಶಯವಿದ್ದರೆ ಸಾಧನ ತೆಗೆದು ಮಾಸ್ಕ್ ಹಿಡಿಯಿರಿ. ಇಟ್ಟ ಸಾಧನವನ್ನು ಬಿಟ್ಟುಕೊಡಲು ಮನಸ್ಸು ಬಾರದೆ ಕಳೆಯುವ ನಿಮಿಷಗಳೇ ಅತಿ ದುಬಾರಿ.

ಲ್ಯಾರಿಂಗೋಸ್ಪಾಸಂ ಆದರೆ: ಕೆಣಕುವುದನ್ನು ನಿಲ್ಲಿಸಿ, ಬಿಗಿ ಮಾಸ್ಕಿನಲ್ಲಿ 100% ಆಕ್ಸಿಜನ್ ಸತತ ಒತ್ತಡದಲ್ಲಿ ಹಿಡಿಯಿರಿ. ಕಿವಿಯ ಹಾಲೆಯ ಹಿಂದಿನ ಕುಳಿಯಲ್ಲಿ, ದವಡೆ ಮೂಳೆಯ ಹಿಂಬದಿಗೆ ಎರಡೂ ಕಡೆ ಗಟ್ಟಿಯಾಗಿ ಒಳಕ್ಕೊತ್ತಿ ಮುಂದಕ್ಕೆತ್ತಿ. ಬಿಡದಿದ್ದರೆ ಪ್ರೊಪೊಫಾಲ್ ಪ್ರತಿ ಕೆ.ಜಿ.ಗೆ 0.5 ಮಿ.ಗ್ರಾಂ.; ಅದಕ್ಕೂ ಬಗ್ಗದಿದ್ದರೆ ಸಕ್ಸಾಮೆಥೋನಿಯಂ ಪ್ರತಿ ಕೆ.ಜಿ.ಗೆ 0.5ರಿಂದ 1 ಮಿ.ಗ್ರಾಂ. ರಕ್ತನಾಳಕ್ಕೆ, ಐವಿ ಇಲ್ಲದ ಮಗುವಿಗೆ ಪ್ರತಿ ಕೆ.ಜಿ.ಗೆ 4 ಮಿ.ಗ್ರಾಂ. ಸ್ನಾಯುವಿಗೆ. ಮಕ್ಕಳಲ್ಲಿ ನಾಡಿ ಇಳಿಯುವುದರಿಂದ ಅಟ್ರೊಪಿನ್ ಪ್ರತಿ ಕೆ.ಜಿ.ಗೆ 0.02 ಮಿ.ಗ್ರಾಂ. ಸಿರಿಂಜಿನಲ್ಲಿ ಸಿದ್ಧವಿರಲಿ.

ಶ್ರಮಕ್ಕೆ ಹೆಗಲು ಕೊಡುವುದು

ಪ್ರೆಷರ್ ಸಪೋರ್ಟ್ (ರೋಗಿ ಎಳೆದ ಪ್ರತಿ ಉಸಿರಿಗೂ ಒತ್ತಡದ ನೆರವು) ಇರುವ ಯಂತ್ರದಲ್ಲಿ 5–6 ಸೆಂ.ಮೀ. ನೀರಿನಿಂದ ಶುರುಮಾಡಿ, ಉಸಿರಿನ ಗಾತ್ರ ಪ್ರತಿ ಕೆ.ಜಿ.ಗೆ 6–8 ಮಿ.ಲೀ. ಆಗುವವರೆಗೆ ಒಂದೆರಡು ಸೆಂ.ಮೀ. ಏರಿಸುತ್ತಾ ಹೋಗಿ. ಸಾಮಾನ್ಯವಾಗಿ 8–10ರಲ್ಲಿ ನಿಲ್ಲುತ್ತದೆ. ಪೀಪ್ (ಉಸಿರು ಬಿಟ್ಟ ಕೊನೆಯಲ್ಲೂ ಉಳಿಸುವ ಒತ್ತಡ) 4–5, ಟ್ರಿಗರ್ (ರೋಗಿ ಎಳೆದನೆಂದು ಯಂತ್ರ ಗುರುತಿಸುವ ಹರಿವು) ನಿಮಿಷಕ್ಕೆ 2 ಲೀಟರ್. ಎರಡೂ ಕೂಡಿದ ಒತ್ತಡ ನೀವು ಮೊದಲೇ ಅಳೆದ ಸೋರಿಕೆಯ ಒತ್ತಡಕ್ಕಿಂತ ಕೆಳಗಿರಲಿ. ಹೃದಯದ ಬಡಿತಕ್ಕೇ ಯಂತ್ರ ಉಸಿರು ಕೊಡುತ್ತಿದ್ದರೆ ಟ್ರಿಗರ್ ಅತಿ ಸೂಕ್ಷ್ಮವಾಗಿದೆ ಎಂದು ತಿಳಿದು 3–4ಕ್ಕೆ ಏರಿಸಿ. ಆ ಸೌಲಭ್ಯವಿಲ್ಲದ ಯಂತ್ರದಲ್ಲಿ ಕೈಯೇ ಪ್ರೆಷರ್ ಸಪೋರ್ಟ್: ವಾಲ್ವು ತುಸು ಮುಚ್ಚಿ, ರೋಗಿ ಎಳೆಯಲು ಶುರುಮಾಡಿದ ಕ್ಷಣಕ್ಕೆ ಹೊಂದಿ ಬ್ಯಾಗನ್ನು 10–15 ಸೆಂ.ಮೀ. ಮೀರದಂತೆ ಒತ್ತಿ. ನೆರವು ಅತಿಯಾದರೆ ಕಾರ್ಬನ್ ಡೈಆಕ್ಸೈಡ್ ಇಳಿದು ರೋಗಿ ಉಸಿರೆಳೆಯುವುದನ್ನೇ ನಿಲ್ಲಿಸುತ್ತಾನೆ.

ಮಕ್ಕಳಲ್ಲಿ

ಮಗುವಿನಲ್ಲಿ ಅರ್ಧ ಮಿ.ಮೀ. ಎಂದರೆ ದೊಡ್ಡ ಅಂತರ: 3.5ರ ಬದಲು 3.0 ಟ್ಯೂಬು ಹಾಕಿದರೆ ಪ್ರತಿರೋಧ 1.85 ಪಟ್ಟು. ಕಫ್ ಇಲ್ಲದ ಟ್ಯೂಬಿಗೆ ವಯಸ್ಸನ್ನು 4ರಿಂದ ಭಾಗಿಸಿ 4 ಕೂಡಿಸಿ, ಕಫ್ ಇದ್ದರೆ 3.5 ಕೂಡಿಸಿ. ಈ ಲೆಕ್ಕ ಎರಡು ವರ್ಷ ದಾಟಿದವರಿಗೆ. ಹಲ್ಲಿನ ಬಳಿ ಆಳಕ್ಕೆ ವಯಸ್ಸಿನ ಅರ್ಧಕ್ಕೆ 12 ಕೂಡಿಸಿ. ಲೆಕ್ಕದ ಅಳತೆಯ ಜೊತೆ ಅರ್ಧ ಹೆಚ್ಚು, ಅರ್ಧ ಕಡಿಮೆಯವೂ ಟ್ರಾಲಿಯ ಮೇಲಿರಲಿ.

10 ಕೆ.ಜಿ. ಮಗುವಿನ ಒಂದು ಉಸಿರು 60–70 ಮಿ.ಲೀ. ದೊಡ್ಡವರ ಫಿಲ್ಟರ್ ಮತ್ತು ಕ್ಯಾಥೆಟರ್ ಮೌಂಟ್ ಹಾಕಿದರೆ ಅದರ ಬಹುಪಾಲು ಅಲ್ಲೇ ಹೋಗಿಬರುತ್ತದೆ, ಶ್ವಾಸಕೋಶಕ್ಕೆ ತಾಜಾ ಗಾಳಿ ತಲುಪುವುದೇ ಇಲ್ಲ. ಮಕ್ಕಳ ಫಿಲ್ಟರ್ ಇಲ್ಲದಿದ್ದರೆ ಹಾಕದಿರುವುದೇ ಮೇಲು. 20 ಕೆ.ಜಿ.ವರೆಗೆ ವಾಲ್ವಿಲ್ಲದ ಜಾಕ್ಸನ್-ರೀಸ್ ಸರ್ಕೀಟು ಬಳಸಿ, ಗ್ಯಾಸ್ ನಿಮಿಷದ ಉಸಿರಿನ ಎರಡು-ಮೂರು ಪಟ್ಟು, ಕನಿಷ್ಠ 3–4 ಲೀಟರ್. ಆರು ತಿಂಗಳೊಳಗಿನ ಕೂಸಿನ ಪಕ್ಕೆಲುಬು ಮೃದು, ವಪೆ ಬೇಗ ದಣಿಯುತ್ತದೆ. ಟ್ಯೂಬಿನಲ್ಲಿ ತಾನೇ ಉಸಿರಾಡಲು ಬಿಡದೆ ಸತತ ನೆರವು ಕೊಡಿ. ನೆಗಡಿಯ ಜೊತೆ ಜ್ವರ, ಹಳದಿ ಕಫ, ಎದೆಯಲ್ಲಿ ಸುಂಯ್ ಸದ್ದು ಇದ್ದರೆ ತುರ್ತಿಲ್ಲದ ಆಪರೇಶನ್ನನ್ನು 2ರಿಂದ 4 ವಾರ ಮುಂದೂಡಿ. ದೂರದ ಹಳ್ಳಿಯಿಂದ ಮಗುವನ್ನು ಹೊತ್ತು ಬಂದ ತಾಯಿ-ತಂದೆಗೆ ಇದು ಕಷ್ಟದ ಮಾತು. ಕಾರಣವನ್ನು ಕೂತು ವಿವರಿಸಿ, ಮುಂದಿನ ದಿನಾಂಕ ಅಲ್ಲೇ ಬರೆದುಕೊಡಿ.

ಎಚ್ಚರವಾಗುವಾಗ

ಸಡಿಲಿಕೆ ಔಷಧ ಕೊಟ್ಟಿದ್ದರೆ ಅದನ್ನು ಪೂರ್ತಿ ಇಳಿಸಬೇಕು: ನಿಯೋಸ್ಟಿಗ್ಮಿನ್ ಪ್ರತಿ ಕೆ.ಜಿ.ಗೆ 50 ಮೈಕ್ರೊಗ್ರಾಂ, ಗ್ಲೈಕೊಪೈರೊಲೇಟ್ ಪ್ರತಿ ಕೆ.ಜಿ.ಗೆ 10 ಮೈಕ್ರೊಗ್ರಾಂ. ನರ್ವ್ ಸ್ಟಿಮ್ಯುಲೇಟರ್ ಇದ್ದಲ್ಲಿ ಟ್ರೇನ್-ಆಫ್-ಫೋರ್ ಅನುಪಾತ (ನರಕ್ಕೆ ಸಾಲಾಗಿ ಕೊಟ್ಟ ನಾಲ್ಕು ಪ್ರಚೋದನೆಗಳಲ್ಲಿ ಮೊದಲನೆಯದಕ್ಕೆ ಹೋಲಿಸಿದರೆ ನಾಲ್ಕನೆಯದಕ್ಕೆ ಸ್ನಾಯು ಮಿಡಿದ ಪ್ರಮಾಣ) 0.9 ದಾಟಬೇಕು. ವಪೆ ಬೇಗ ಚೇತರಿಸುತ್ತದೆ, ಗಂಟಲ ಸ್ನಾಯು ತಡವಾಗಿ. ಹಾಗಾಗಿ ಬ್ಯಾಗು ಚೆನ್ನಾಗಿ ಅಲುಗುತ್ತಿದ್ದವನಿಗೆ ಟ್ಯೂಬು ತೆಗೆದೊಡನೆ ದಾರಿ ಕಟ್ಟುವುದುಂಟು.

ಟ್ಯೂಬಾಗಲಿ, ಎಲ್‌ಎಂಎ ಆಗಲಿ, ಕಚ್ಚದಂತೆ ಗಾಜ್ ಸುರುಳಿ ಸುತ್ತಿ ದವಡೆ ಹಲ್ಲುಗಳ ನಡುವೆ ಇಡಿ. ಗಟ್ಟಿಮುಟ್ಟಾದ ಯುವಕ ಸಾಧನ ಕಚ್ಚಿಕೊಂಡು ಜೋರಾಗಿ ಉಸಿರೆಳೆದರೆ ಎದೆಯೊಳಗೆ 50ರಿಂದ 100 ಸೆಂ.ಮೀ. ನೀರಿನಷ್ಟು ಋಣ ಒತ್ತಡ ಹುಟ್ಟಬಹುದು. ಆ ಸೆಳೆತಕ್ಕೆ ರಕ್ತನಾಳಗಳಿಂದ ದ್ರವ ಶ್ವಾಸಕೋಶದ ಗಾಳಿಗೂಡುಗಳಿಗೆ ಇಳಿಯುತ್ತದೆ. ಕಚ್ಚಿದಾಗ ಬಾಯಿ ಬಲವಂತವಾಗಿ ತೆರೆಯಲು ಹೋಗಬೇಡಿ. ಕಫ್ ಇರುವ ಸಾಧನವಾದರೆ ಗಾಳಿ ತೆಗೆಯಿರಿ, ಪಕ್ಕದಿಂದ ಒಂದಿಷ್ಟು ಉಸಿರು ನುಗ್ಗುತ್ತದೆ. ಪ್ರೊಪೊಫಾಲ್ 20–40 ಮಿ.ಗ್ರಾಂ. ಕೊಡಿ, ದವಡೆ ಬಿಡುತ್ತದೆ.

ಅಡ್ಡಿ ಬಿಟ್ಟ ಮೇಲೆ ಕೆಲ ನಿಮಿಷಗಳಲ್ಲಿ, ಕೆಲವೊಮ್ಮೆ ಗಂಟೆಯ ಮೇಲೆ, ಕೆಮ್ಮು, ಗುಲಾಬಿ ಬಣ್ಣದ ನೊರೆ, ಇಳಿಯುವ ಸ್ಯಾಚುರೇಶನ್ ಕಂಡರೆ ಶ್ವಾಸಕೋಶಕ್ಕೆ ಹೀಗೆ ದ್ರವ ಇಳಿದಿದೆ ಎಂದೇ ತಿಳಿಯಿರಿ. ತಲೆಭಾಗ ಎತ್ತರಿಸಿ, ಆಕ್ಸಿಜನ್ ಕೊಟ್ಟು, ಬಿಗಿ ಮಾಸ್ಕಿನಲ್ಲಿ 5–10 ಸೆಂ.ಮೀ. ಸತತ ಒತ್ತಡ ಹಿಡಿಯಿರಿ. ಹೆಚ್ಚಿನವರು ಇದಕ್ಕೇ ಸುಧಾರಿಸುತ್ತಾರೆ. ಸುಧಾರಿಸದಿದ್ದರೆ ಮತ್ತೆ ಟ್ಯೂಬು ಹಾಕಿ ಪೀಪ್ ಕೊಡಬೇಕು. ಐಸಿಯು ಇಲ್ಲದ ಕಡೆಯಿಂದ ಹುಬ್ಬಳ್ಳಿಗೋ, ಗದಗಿನ ಜಿಮ್ಸ್‌ಗೋ, ಹಾವೇರಿಯ ಹಿಮ್ಸ್‌ಗೋ ಕಳಿಸುವಾಗ ಆಂಬು ಬ್ಯಾಗಿಗೆ ಪೀಪ್ ವಾಲ್ವು ಹಾಕಿ, ಟ್ಯೂಬು ಹಾಕಬಲ್ಲವರೊಬ್ಬರು ಜೊತೆಗೆ ಹೋಗಲಿ, ಸಿಲಿಂಡರಿನಲ್ಲಿ ದಾರಿಯ ಎರಡು ಪಟ್ಟು ಹೊತ್ತಿಗೆ ಸಾಲುವಷ್ಟು ಆಕ್ಸಿಜನ್ ಇರಲಿ. ಸುಧಾರಿಸಿ ಅಲ್ಲೇ ಉಳಿದವರನ್ನೂ ಅಂದು ಮನೆಗೆ ಕಳಿಸಬೇಡಿ. ರಾತ್ರಿಯಿಡೀ ಸ್ಯಾಚುರೇಶನ್ ಪ್ರೋಬ್ ಬೆರಳಲ್ಲಿರಲಿ, ನಿಮಿಷದ ಉಸಿರನ್ನು ಎದೆ ನೋಡಿಯೇ ಎಣಿಸಿ ಬರೆಯುವಂತೆ ಸಿಸ್ಟರ್‌ಗೆ ಹೇಳಿ ಹೋಗಿ.